ರಿಮೋಟ್ ಫ್ಯಾನು: ಹಾಸಿಗೆಯಿಂದ ಏಳಲಾಗದವರಿರುವ ಮನೆಯಿಂದ ಒಂದು ವಿಮರ್ಶೆ

ರಾಯಚೂರಿನಲ್ಲಿ ಮಾರ್ಚ್ ಕಾಲಿಡುತ್ತಲೇ ಫ್ಯಾನಿನ ವೇಗ ಎಷ್ಟಿರಬೇಕು ಎನ್ನುವುದು ಮನೆಯ ದೊಡ್ಡ ಪ್ರಶ್ನೆಯಾಗುತ್ತದೆ. ಮೇ ತಿಂಗಳಲ್ಲಿ ಹಗಲಿನ ತಾಪ 40 ಡಿಗ್ರಿ ದಾಟುವ ಊರು ಇದು. ಆರ್‌ಸಿಸಿ ಚಾವಣಿ ಹಗಲೆಲ್ಲ ಕುಡಿದ ಬಿಸಿಯನ್ನು ಮಧ್ಯರಾತ್ರಿಯವರೆಗೂ ಕೋಣೆಯೊಳಗೆ ಬಿಡುತ್ತಲೇ ಇರುತ್ತದೆ. ನಸುಕಿನ ನಾಲ್ಕರ ಹೊತ್ತಿಗೆ ಅದೇ ಕೋಣೆ ತಣ್ಣಗಾಗಿ, ಮೈಮೇಲೆ ಹೊದಿಕೆ ಎಳೆದುಕೊಳ್ಳಬೇಕೆನಿಸುತ್ತದೆ. ಮಲಗುವಾಗ ಐದರಲ್ಲಿ ತಿರುಗಬೇಕಾದ ಫ್ಯಾನು ಬೆಳಗಿನ ಜಾವಕ್ಕೆ ಎರಡಕ್ಕೆ ಇಳಿಯಬೇಕು. ಎದ್ದು ಓಡಾಡುವವರಿಗೆ ಇದು ನಾಲ್ಕು ಹೆಜ್ಜೆಯ ಕೆಲಸ. ನಮ್ಮ ಅತ್ತೆಯವರಿಗೆ ಹಾಗಲ್ಲ. ಅವರಿಗೆ ಎಂಬತ್ತು ದಾಟಿದೆ, ಪಾರ್ಕಿನ್ಸನ್ ಕಾಯಿಲೆ ಇದೆ, ಯಾರಾದರೂ ಹಿಡಿದುಕೊಳ್ಳದೆ ಮಂಚದಿಂದ ಇಳಿಯಲು ಆಗುವುದಿಲ್ಲ. ಗೋಡೆಯ ರೆಗ್ಯುಲೇಟರ್ ಬಾಗಿಲ ಪಕ್ಕದಲ್ಲಿದೆ. ಅಂದರೆ ಅವರ ಪಾಲಿಗೆ ಅದು ಇಲ್ಲವೇ ಇಲ್ಲ.

ಹಗಲಲ್ಲಿ ಕೇಳುತ್ತಿದ್ದರು: ‘ಸ್ವಲ್ಪ ಕಡಿಮೆ ಮಾಡವ್ವ’, ‘ಸ್ವಲ್ಪ ಜಾಸ್ತಿ ಮಾಡು’. ರಾತ್ರಿ ಮಾತ್ರ ಕೇಳುತ್ತಿರಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುವ ಸೊಸೆಯನ್ನು ಎಬ್ಬಿಸಬಾರದೆಂದು ಚಳಿಯಲ್ಲೇ ಮುದುಡಿ ಮಲಗಿರುತ್ತಿದ್ದರು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ವಿದ್ಯುತ್ ಮೋಟಾರಿನ ಪಾಠವನ್ನು ವರ್ಷವರ್ಷವೂ ಮಾಡುತ್ತೇನೆ. ಆ ಮೋಟಾರಿನ ವೇಗವನ್ನು ಮಂಚದ ಮೇಲಿರುವ ಒಬ್ಬ ವೃದ್ಧೆಯ ಕೈಗೆ ತಲುಪಿಸುವುದು ಹೇಗೆ ಎಂದು ಯೋಚಿಸಿ, ಮೊದಲು ಒಂದು ರಿಮೋಟ್ ಕಿಟ್, ಆಮೇಲೆ ಎರಡು ರಿಮೋಟ್ ಫ್ಯಾನುಗಳನ್ನು ಮನೆಗೆ ತಂದೆವು. ಎರಡು ಬೇಸಿಗೆಗಳನ್ನು ಇವುಗಳ ಕೆಳಗೆ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಾವು ಕೊಂಡವುಗಳ ಕಂಪನಿಗಳ ಹೆಸರು ಹೇಳುವುದಿಲ್ಲ. ಒಂದೇ ಬಗೆಯ ಫ್ಯಾನು ಈಗ ಹತ್ತಾರು ಹೆಸರುಗಳಲ್ಲಿ ಸಿಗುತ್ತದೆ, ಮಾದರಿಗಳೂ ಬೇಗ ಬದಲಾಗುತ್ತವೆ. ಕೊಳ್ಳುವವರು ಯಾವ ಹೆಸರನ್ನು ನೋಡಬೇಕು ಎನ್ನುವುದಕ್ಕಿಂತ ಏನನ್ನು ನೋಡಬೇಕು ಎನ್ನುವುದನ್ನು ಹೇಳುವುದೇ ನನ್ನ ಉದ್ದೇಶ.

ಮೊದಲು ತಂದ ಕಿಟ್ ಹಳೆಯ ಫ್ಯಾನಿಗೆ ಜೋಡಿಸುವಂಥದು. ಗೋಡೆಯ ರೆಗ್ಯುಲೇಟರ್ ಬಿಚ್ಚಿ, ಅದರ ಜಾಗದಲ್ಲಿ ಒಂದು ಚಿಕ್ಕ ಡಬ್ಬಿಯನ್ನು ಕೂರಿಸುತ್ತಾರೆ. ಡಬ್ಬಿಗೆ ಒಂದು ಕಣ್ಣು ಇರುತ್ತದೆ. ರಿಮೋಟನ್ನು ಅದರ ಕಡೆಗೆ ತಿರುಗಿಸಿ ಒತ್ತಬೇಕು. ಬೆಲೆ ಕಡಿಮೆ, ಅರ್ಧ ಗಂಟೆಯ ಕೆಲಸ, ಫ್ಯಾನು ಬದಲಿಸಬೇಕಾಗಿಲ್ಲ. ಆದರೆ ಎರಡನೆಯ ರಾತ್ರಿಯೇ ಅತ್ತೆಯವರು ‘ಇದು ಗುಂಯ್ ಎನ್ನುತ್ತದೆ’ ಎಂದರು. ಕಿವಿ ಕೊಟ್ಟು ಕೇಳಿದೆ, ನಿಜ. ಐದರಲ್ಲಿ ಸದ್ದಿಲ್ಲ, ಎರಡಕ್ಕೆ, ಒಂದಕ್ಕೆ ಇಳಿಸಿದರೆ ದುಂಬಿ ಹೊಕ್ಕಂತೆ ಒಂದೇ ಸಮನೆ ಗುಂಯ್‌ಗುಡುತ್ತದೆ.

ಇದಕ್ಕೆ ಕಾರಣ ಕಿಟ್ ಕೆಟ್ಟದ್ದೆಂದಲ್ಲ, ಅದು ಕೆಲಸ ಮಾಡುವ ರೀತಿ. ನಮ್ಮ ಮನೆಗಳಲ್ಲಿ ದಶಕಗಳಿಂದ ತಿರುಗುತ್ತಿರುವ ಚಾವಣಿ ಫ್ಯಾನಿನೊಳಗಿರುವುದು ಇಂಡಕ್ಷನ್ ಮೋಟಾರು. ಮನೆಗೆ ಬರುವ ಎಸಿ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಈ ಮೋಟಾರಿನ ಸಹಜ ವೇಗ ಆ ಐವತ್ತಕ್ಕೆ ಅಂಟಿಕೊಂಡದ್ದು. ರೆಗ್ಯುಲೇಟರ್ ಏನೇ ಮಾಡಿದರೂ ಐವತ್ತನ್ನು ಬದಲಿಸಲಾರದು. ಮೋಟಾರಿಗೆ ಸಿಗುವ ವೋಲ್ಟೇಜನ್ನು ಕಡಿಮೆ ಮಾಡಿ, ಅದರ ಬಲ ಕುಗ್ಗಿಸಿ, ಸೋಲುವಂತೆ ಮಾಡಿ ವೇಗ ಇಳಿಸುತ್ತದೆ. ನಮ್ಮ ಬಾಲ್ಯದ ದಪ್ಪ ಕರಿ ಡಬ್ಬಿಯಲ್ಲಿ ಇದ್ದದ್ದು ತಂತಿ ಸುತ್ತಿದ ರೋಧಕ. ಉಳಿದ ವಿದ್ಯುತ್ತೆಲ್ಲ ಅಲ್ಲಿ ಬಿಸಿಯಾಗಿ ಹೋಗುತ್ತಿತ್ತು, ಕೈಯಿಟ್ಟರೆ ಸುಡುತ್ತಿತ್ತು. ಈಗಿನ ಐದು ಹಂತದ ತಿರುಗುಣಿಗಳಲ್ಲಿ ಕೆಪಾಸಿಟರ್‌ಗಳಿರುತ್ತವೆ. ಅವು ಬಿಸಿಯಾಗುವುದೂ ಇಲ್ಲ, ಸದ್ದು ಹುಟ್ಟಿಸುವುದೂ ಇಲ್ಲ. ಅಗ್ಗದ ರಿಮೋಟ್ ಕಿಟ್‌ಗಳಲ್ಲಿ ಮಾತ್ರ ಸಾಮಾನ್ಯವಾಗಿ ಟ್ರಯಾಕ್ ಇರುತ್ತದೆ. ಅದು ವಿದ್ಯುತ್ತಿನ ಪ್ರತಿಯೊಂದು ಅಲೆಯ ಒಂದು ಭಾಗವನ್ನು ಕತ್ತರಿಸಿ ಉಳಿದದ್ದನ್ನು ಮೋಟಾರಿಗೆ ಬಿಡುತ್ತದೆ. ಕತ್ತರಿಸಿದ ಅಲೆ ಒಳಗಿನ ಸುರುಳಿಯನ್ನೂ ಕಬ್ಬಿಣದ ಪದರಗಳನ್ನೂ ನಡುಗಿಸುತ್ತದೆ. ಆ ನಡುಕವೇ ಗುಂಯ್ ಸದ್ದು. ಹೆಚ್ಚು ಬೆಲೆಯ ಕೆಲವು ಕಿಟ್‌ಗಳು ಕೆಪಾಸಿಟರ್‌ಗಳನ್ನೇ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಮೂಲಕ ಬದಲಿಸುತ್ತವೆ. ಸದ್ದು ಬೇಡವೆನ್ನುವವರು ಅಂಗಡಿಯಲ್ಲಿ ಅದನ್ನು ಕೇಳಿ ತೆಗೆದುಕೊಳ್ಳಬೇಕು. ನಮ್ಮ ಕಿಟ್ ಈಗ ಅಡುಗೆಮನೆಯ ಪಕ್ಕದ ಕೋಣೆಯಲ್ಲಿದೆ. ಅಲ್ಲಿ ಯಾರೂ ಮಲಗುವುದಿಲ್ಲ, ಸದ್ದು ಯಾರಿಗೂ ತೊಂದರೆಯಿಲ್ಲ.

ಆಮೇಲೆ ತಂದದ್ದು ಬಿಎಲ್‌ಡಿಸಿ ಫ್ಯಾನು. ಬ್ರಷ್ ಇಲ್ಲದ ಡಿಸಿ ಮೋಟಾರು ಎನ್ನುವುದರ ಹ್ರಸ್ವರೂಪ ಅದು. ಇದರ ಮೋಟಾರಿನಲ್ಲಿ ತಿರುಗುವ ಹೊರಭಾಗಕ್ಕೆ ಕಾಯಂ ಅಯಸ್ಕಾಂತಗಳನ್ನು ಅಂಟಿಸಿರುತ್ತಾರೆ, ನಡುವೆ ನಿಂತಿರುವ ಭಾಗದಲ್ಲಿ ತಾಮ್ರದ ಸುರುಳಿಗಳಿರುತ್ತವೆ. ಒಳಗಿನ ಸರ್ಕ್ಯೂಟ್ ಬೋರ್ಡು ಎಸಿಯನ್ನು ಡಿಸಿಯಾಗಿ ಬದಲಿಸಿ, ಯಾವ ಸುರುಳಿಗೆ ಯಾವ ಕ್ಷಣದಲ್ಲಿ ವಿದ್ಯುತ್ ಬಿಡಬೇಕೆಂದು ತಾನೇ ನಿರ್ಧರಿಸುತ್ತದೆ. ಹುಲ್ಲಿನ ಕಟ್ಟು ಮುಂದೆ ಹಿಡಿದು ಎತ್ತನ್ನು ನಡೆಸಿಕೊಂಡು ಹೋದಂತೆ, ಸುರುಳಿಗಳ ಕಾಂತಶಕ್ತಿ ಒಂದು ಹೆಜ್ಜೆ ಮುಂದೆ ಸರಿಯುತ್ತದೆ, ಅಯಸ್ಕಾಂತ ಅದರ ಹಿಂದೆ ಬರುತ್ತದೆ. ಇಲ್ಲಿ ಐವತ್ತರ ಹಂಗಿಲ್ಲ. ಬೋರ್ಡು ಹೇಳಿದ್ದೇ ವೇಗ. ಹಾಗಾಗಿ ಈ ಬಗೆಯ ಫ್ಯಾನಿಗೆ ರಿಮೋಟ್ ಹೊರಗಿನಿಂದ ಹೊಲಿದ ತೇಪೆಯಲ್ಲ. ವೇಗವನ್ನು ಲೆಕ್ಕ ಹಾಕುವ ಚಿಪ್ಪು ಹೇಗೂ ಒಳಗಿರಲೇಬೇಕು, ಅದಕ್ಕೊಂದು ಕಣ್ಣು ಕೊಟ್ಟರೆ ಸಾಕು. ನಮ್ಮ ದಕ್ಷಿಣದಲ್ಲೇ, ಕೊಯಮತ್ತೂರಿನ ವರ್ಸಾ ಡ್ರೈವ್ಸ್ ಎಂಬ ಕಂಪನಿ 2012ರಲ್ಲಿ ‘ಸೂಪರ್‌ಫ್ಯಾನ್’ ಎಂಬ ಹೆಸರಿನಲ್ಲಿ 35 ವ್ಯಾಟಿನ ಇಂಥ ಫ್ಯಾನನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಆಟಂಬರ್ಗ್ ಎಂಬ ಕಂಪನಿ ಇದನ್ನು ಮನೆಮನೆಗೆ ಪರಿಚಯಿಸಿತು. ಈಗ ಹಳೆಯ ದೊಡ್ಡ ಕಂಪನಿಗಳೆಲ್ಲ ಇದನ್ನು ಮಾಡುತ್ತವೆ.

ತೀನ್ ಕಂದೀಲ್ ಬಳಿಯ ಅಂಗಡಿಯಲ್ಲಿ ಎರಡು ಬೇರೆ ಬೇರೆ ಕಂಪನಿಗಳ, 1200 ಮಿಲಿಮೀಟರ್ ಅಳತೆಯ ಎರಡು ಫ್ಯಾನುಗಳನ್ನು ಕೊಂಡೆವು. ಒಂದೊಂದಕ್ಕೆ ಮೂರು ಸಾವಿರ ರೂಪಾಯಿಯ ಆಸುಪಾಸು. ಒಂದು ಅತ್ತೆಯವರ ಕೋಣೆಗೆ, ಇನ್ನೊಂದು ಪಡಸಾಲೆಗೆ. ಎಲೆಕ್ಟ್ರಿಷಿಯನ್ ಮೊದಲು ಮಾಡಿದ ಕೆಲಸ ಗೋಡೆಯ ರೆಗ್ಯುಲೇಟರನ್ನು ಬಿಚ್ಚಿ ತಂತಿಯನ್ನು ನೇರವಾಗಿ ಜೋಡಿಸಿದ್ದು. ಇದನ್ನು ಎಲ್ಲರೂ ಗಮನಿಸಬೇಕು. ಸಾಮಾನ್ಯ ಬಿಎಲ್‌ಡಿಸಿ ಫ್ಯಾನಿಗೆ ಮುಂದೆ ರೆಗ್ಯುಲೇಟರ್ ಉಳಿದಿದ್ದರೆ, ಯಾರಾದರೂ ಅಭ್ಯಾಸಬಲದಿಂದ ಅದನ್ನು ತಿರುಗಿಸಿ ಬೋರ್ಡಿಗೆ ಕುಗ್ಗಿದ ಅಥವಾ ಕತ್ತರಿಸಿದ ವಿದ್ಯುತ್ ಬಿಟ್ಟು ಕೆಡಿಸುವ ಸಂಭವ ಇರುತ್ತದೆ.

ಈಗ ಮುಖ್ಯ ವಿಷಯಕ್ಕೆ, ಅಂದರೆ ರಿಮೋಟಿಗೆ ಬರುತ್ತೇನೆ. ಫ್ಯಾನಿನ ವಿಮರ್ಶೆಗಳಲ್ಲಿ ಎಲ್ಲರೂ ವ್ಯಾಟ್, ಗಾಳಿ, ಬಣ್ಣದ ಬಗ್ಗೆ ಬರೆಯುತ್ತಾರೆ. ದಿನವೂ ಕೈಯಲ್ಲಿ ಹಿಡಿಯುವ ವಸ್ತುವಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಾವು ತಂದ ಎರಡು ಫ್ಯಾನುಗಳ ರಿಮೋಟ್‌ಗಳು ಒಂದೇ ಗಾತ್ರ, ಒಂದೇ ತೂಕ, ಎರಡಕ್ಕೂ ಸಣ್ಣ ಪೆನ್ಸಿಲ್ ಸೆಲ್ಲುಗಳೇ. ವ್ಯತ್ಯಾಸ ಗುಂಡಿಗಳಲ್ಲಿ. ಒಂದರಲ್ಲಿ ಪ್ಲಸ್ ಮತ್ತು ಮೈನಸ್ ಗುರುತಿನ ಎರಡು ಗುಂಡಿಗಳು. ಒತ್ತಿದಷ್ಟು ಸಲ ವೇಗ ಒಂದೊಂದು ಹಂತ ಏರುತ್ತದೆ ಅಥವಾ ಇಳಿಯುತ್ತದೆ. ಇನ್ನೊಂದರಲ್ಲಿ ಒಂದರಿಂದ ಐದರವರೆಗೆ ಅಂಕಿಗಳ ಗುಂಡಿ. ಅಂಗಡಿಯಲ್ಲಿ ನಿಂತು ನೋಡುವಾಗ ಪ್ಲಸ್ ಮೈನಸ್ಸೇ ಸರಳ ಅನಿಸಿತ್ತು, ಅತ್ತೆಯವರ ಕೋಣೆಗೆ ಅದನ್ನೇ ಹಾಕಿಸಿದ್ದೆವು.

ಕೈ ನಡುಗುವವರಿಗೆ ಅದು ಆಗಿಬರುವುದಿಲ್ಲ. ಅತ್ತೆಯವರ ಹೆಬ್ಬೆರಳು ಗುಂಡಿಯ ಮೇಲೆ ಇಳಿದರೆ ಒಂದೇ ಸಲ ಒತ್ತಿ ಮೇಲೇಳುವುದಿಲ್ಲ. ನಡುಕದಲ್ಲಿ ಮೂರು ನಾಲ್ಕು ಸಲ ತಟ್ಟುತ್ತದೆ. ಮೂರಕ್ಕೆ ಏರಿಸಲು ಹೋದರೆ ಐದಾಗುತ್ತದೆ, ಇಳಿಸಲು ಹೋದರೆ ಒಂದಾಗುತ್ತದೆ. ತನಗೆ ಬೇಕಾದ ವೇಗ ಸಿಗದೆ ಅವರು ರಿಮೋಟನ್ನು ದಿಂಬಿನ ಪಕ್ಕಕ್ಕಿಟ್ಟು ಸುಮ್ಮನಾಗತೊಡಗಿದರು. ಅಂಕಿಗಳ ಗುಂಡಿಯಲ್ಲಿ ಈ ತೊಂದರೆ ಇಲ್ಲವೇ ಇಲ್ಲ. ‘ಎರಡು’ ಎಂಬ ಗುಂಡಿಯನ್ನು ಒಂದು ಸಲ ಒತ್ತಿದರೂ ಎರಡೇ, ಐದು ಸಲ ಒತ್ತಿದರೂ ಎರಡೇ. ಬೆರಳು ಎಷ್ಟು ನಡುಗಿದರೂ ಫ್ಯಾನು ದಾರಿ ತಪ್ಪುವುದಿಲ್ಲ. ಇದು ಹೊಳೆದ ದಿನವೇ ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ ಎರಡು ಫ್ಯಾನುಗಳನ್ನೂ ಅದಲುಬದಲು ಮಾಡಿಸಿದೆವು. ವಯಸ್ಸಾದವರಿಗಾಗಿ ಕೊಳ್ಳುವವರು ಈ ಬರಹದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬಾರದು: ಅಂಗಡಿಯಲ್ಲಿ ರಿಮೋಟ್ ತೆಗೆಸಿ ನೋಡಿ, ಪ್ರತಿ ವೇಗಕ್ಕೂ ಬೇರೆ ಗುಂಡಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಅಂಕಿಗಳು ಅವರ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಬಿಳಿ ರಿಮೋಟಿನ ಮೇಲೆ ಬೂದು ಅಕ್ಷರ. ನನಗೇ ಕತ್ತಲಲ್ಲಿ ಕಾಣದು. ಮೊದಲು ‘ಎರಡು’ ಮತ್ತು ‘ನಾಲ್ಕು’ ಗುಂಡಿಗಳ ಮೇಲೆ ಹಣೆಗಿಡುವ ಅಂಟುಬೊಟ್ಟು ಅಂಟಿಸಿದೆ. ಬೇಸಿಗೆಯ ಬೆವರಿಗೆ ಅವು ಉದುರಿದವು. ಆಮೇಲೆ ಎಂ-ಸೀಲ್ ಕಲಸಿ ಸಾಸಿವೆಕಾಳಿನಷ್ಟು ಉಂಡೆ ಮಾಡಿ ಕೂರಿಸಿದೆ, ಇಂದಿಗೂ ಗಟ್ಟಿಯಾಗಿದೆ. ಎರಡರ ಮೇಲೆ ಒಂದು ಉಂಡೆ, ನಾಲ್ಕರ ಮೇಲೆ ಎರಡು. ಈಗ ಅವರು ರಿಮೋಟನ್ನು ನೋಡುವುದೇ ಇಲ್ಲ, ಬೆರಳಲ್ಲೇ ಓದುತ್ತಾರೆ. ರಿಮೋಟಿನ ಹಿಂಬದಿಗೆ ಒಂದು ಲಾಡಿ ಅಂಟಿಸಿ ಮಂಚದ ಕಂಬಿಗೆ ಕಟ್ಟಿದ್ದೇವೆ, ಕೈ ಜಾರಿದರೂ ನೆಲಕ್ಕೆ ಬೀಳುವುದಿಲ್ಲ. ಆದೇಶ ತಲುಪಿದಾಗ ಫ್ಯಾನು ‘ಬೀಪ್’ ಎನ್ನುತ್ತದೆ. ಅದು ರಾತ್ರಿ ಕಿರಿಕಿರಿ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನಮ್ಮ ಮನೆಯಲ್ಲಿ ಅದು ಬೇಕೇ ಬೇಕು. ಕಣ್ಣು ಮಂಜಾದವರಿಗೆ ಗುಂಡಿ ತಾಗಿತೆಂದು ತಿಳಿಯುವುದು ಆ ಸದ್ದಿನಿಂದಲೇ.

ರಿಮೋಟ್ ಕೆಲಸ ಮಾಡುವ ರೀತಿ ಟಿವಿಯದ್ದೇ. ಮೂತಿಯಲ್ಲಿರುವ ಪುಟ್ಟ ಎಲ್‌ಇಡಿ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿಣುಕಿಸುತ್ತ, ಆ ಮಿಣುಕಿನ ಕಂತೆಗಳಲ್ಲಿ ಒಂದು ಸಂಕೇತ ಕಳಿಸುತ್ತದೆ. ಫ್ಯಾನಿನ ಬಟ್ಟಲಿನ ತಳದಲ್ಲಿರುವ ಕಣ್ಣು ಅಷ್ಟೇ ವೇಗದ ಮಿಣುಕನ್ನು ಮಾತ್ರ ಹಿಡಿದು ಉಳಿದ ಬೆಳಕನ್ನು ಬಿಟ್ಟುಬಿಡುತ್ತದೆ. ಈ ಬೆಳಕು ಗೋಡೆಯಾಚೆ ಹೋಗದು, ಆದರೆ ಸುಣ್ಣದ ಗೋಡೆಗೆ ಬಡಿದು ವಾಪಸು ಬರುತ್ತದೆ, ಸೊಳ್ಳೆಪರದೆಯ ಮೂಲಕವೂ ಹಾದುಹೋಗುತ್ತದೆ. ಫ್ಯಾನಿನ ಕೆಳಗೇ ಮಲಗಿರುವ ಅತ್ತೆಯವರು ಗುರಿಯಿಡಬೇಕಾಗಿಲ್ಲ. ಎಲ್ಲಿಗೆ ತಿರುಗಿಸಿ ಒತ್ತಿದರೂ ನಡೆಯುತ್ತದೆ. ರಿಮೋಟ್ ಸತ್ತಿದೆಯೇ ಫ್ಯಾನು ಕೆಟ್ಟಿದೆಯೇ ಎಂಬ ಅನುಮಾನ ಬಂದರೆ ಮೊಬೈಲಿನ ಮುಂಬದಿಯ ಕ್ಯಾಮೆರಾಕ್ಕೆ ರಿಮೋಟಿನ ಮೂತಿ ಹಿಡಿದು ಗುಂಡಿ ಒತ್ತಿ ನೋಡಬೇಕು. ತೆಳು ನೇರಳೆ ಬೆಳಕು ಮಿನುಗಿದರೆ ರಿಮೋಟ್ ಜೀವಂತವಾಗಿದೆ. ನನ್ನ ಮಕ್ಕಳಿಗೆ, ಅಂದರೆ ಶಾಲೆಯ ಮಕ್ಕಳಿಗೆ, ಕಾಣದ ಬೆಳಕಿನ ಪಾಠವನ್ನು ಹೀಗೇ ತೋರಿಸುತ್ತೇನೆ. ಅವರ ಮುಖ ಅರಳುವುದನ್ನು ನೋಡಬೇಕು.

ನಿದ್ರೆಯ ಗುಂಡಿ ಎಂದೊಂದಿದೆ, ಚಂದ್ರನ ಚಿತ್ರ ಇರುವುದು. ನಮ್ಮ ಫ್ಯಾನಿನಲ್ಲಿ ಅದನ್ನು ಒತ್ತಿದರೆ ಎರಡು ಗಂಟೆಗೊಮ್ಮೆ ವೇಗ ಒಂದು ಹಂತ ಇಳಿಯುತ್ತದೆ. ರಾತ್ರಿ ಹತ್ತಕ್ಕೆ ಐದು, ಹನ್ನೆರಡಕ್ಕೆ ನಾಲ್ಕು, ಎರಡಕ್ಕೆ ಮೂರು, ನಸುಕಿನ ನಾಲ್ಕಕ್ಕೆ ಎರಡು. ರಾಯಚೂರಿನ ಬೇಸಿಗೆ ರಾತ್ರಿ ತಣಿಯುವ ಗತಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಲೆಕ್ಕವನ್ನು ನಾನೇ ಕೂತು ಹಾಕಿದರೂ ಹಾಕಲಾರೆ. ಈ ಒಂದು ಗುಂಡಿಗಾಗಿಯೇ ಮೂರು ಸಾವಿರ ಕೊಡಬಹುದು ಎಂದು ನಾನು ಓಣಿಯಲ್ಲೆಲ್ಲ ಹೇಳಿದ್ದೇನೆ.

ವಿದ್ಯುತ್ ಉಳಿತಾಯದ ಮಾತನ್ನು ಕಂಪನಿಗಳು ದೊಡ್ಡದಾಗಿ ಹೇಳುತ್ತವೆ, ಹಾಗಾಗಿ ಅಳೆದೇ ನೋಡಿದೆ. ಇದಕ್ಕೆ ಉಪಕರಣ ಬೇಡ, ಮನೆಯ ಜೆಸ್ಕಾಂ ಮೀಟರೇ ಸಾಕು. ನಮ್ಮ ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ 3200 ಮಿಣುಕು ಎಂದು ಬರೆದಿದೆ. ಒಂದು ಯೂನಿಟ್ ಎಂದರೆ 36 ಲಕ್ಷ ವ್ಯಾಟ್-ಸೆಕೆಂಡ್, ಅದನ್ನು 3200ರಿಂದ ಭಾಗಿಸಿದರೆ ಒಂದು ಮಿಣುಕಿಗೆ 1125. ಹಾಗಿದ್ದರೆ ಎರಡು ಮಿಣುಕುಗಳ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿದರೆ ಆ ಹೊತ್ತಿಗೆ ಮನೆ ಎಳೆಯುತ್ತಿರುವ ವ್ಯಾಟ್ ಸಿಗುತ್ತದೆ. ಫ್ರಿಜ್, ಇನ್ವರ್ಟರ್, ಟಿವಿ, ರೂಟರ್ ಎಲ್ಲ ಆರಿಸಿ, ಒಂದೇ ಒಂದು ಫ್ಯಾನು ಹಾಕಿ, ಗಡಿಯಾರ ಹಿಡಿದು ಮೀಟರಿನ ಮುಂದೆ ನಿಂತೆ. ಹಳೆಯ ಫ್ಯಾನು ಐದರಲ್ಲಿ: ಸುಮಾರು 15 ಸೆಕೆಂಡಿಗೊಂದು ಮಿಣುಕು, ಅಂದರೆ 75 ವ್ಯಾಟ್. ಬಿಎಲ್‌ಡಿಸಿ ಐದರಲ್ಲಿ: 40 ಸೆಕೆಂಡ್, 28 ವ್ಯಾಟ್. ಡಬ್ಬಿಯ ಮೇಲೆ ಬರೆದದ್ದೂ 28. ಹೇಳಿದ ಮಾತು ನಿಜವಾಗಿತ್ತು, ಸಂತೋಷವಾಯಿತು.

ಇನ್ನೂ ಹೆಚ್ಚಿನ ಸಂತೋಷ ಕೊಟ್ಟದ್ದು ಕಡಿಮೆ ವೇಗದ ಅಳತೆ. ಬಿಎಲ್‌ಡಿಸಿ ಮೂರರಲ್ಲಿ ಒಂದೂವರೆ ನಿಮಿಷಕ್ಕೊಂದು ಮಿಣುಕು. ಹನ್ನೆರಡು ಹದಿಮೂರು ವ್ಯಾಟ್ ಅಷ್ಟೇ. ಒಂದರಲ್ಲಿ ನಾಲ್ಕು ನಿಮಿಷ ಕಾದರೂ ಮಿಣುಕು ಬರಲಿಲ್ಲ. ಐದು ವ್ಯಾಟಿಗಿಂತಲೂ ಕಡಿಮೆ. ಗಾಳಿಯನ್ನು ತಳ್ಳುವ ರೆಕ್ಕೆಗೆ ಬೇಕಾದ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ, ಅಂದರೆ ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಭಾಗ ಸಾಕು. ಬಿಎಲ್‌ಡಿಸಿ ಮೋಟಾರು ಈ ನಿಯಮದ ಲಾಭವನ್ನು ಬಹುಮಟ್ಟಿಗೆ ನಮಗೇ ಕೊಡುತ್ತದೆ. ಸೋಲಿಸಿ ನಿಧಾನ ಮಾಡಿದ ಹಳೆಯ ಮೋಟಾರು ಕೊಡುವುದಿಲ್ಲ. ಕಿಟ್ ಹಾಕಿದ ಫ್ಯಾನನ್ನು ಎರಡರಲ್ಲಿ ಅಳೆದಾಗಲೂ 40 ವ್ಯಾಟ್ ಬಂತು. ಹಾಗಾಗಿ ನಿಜವಾದ ಉಳಿತಾಯ ಆಗುವುದು ವೇಗವನ್ನು ಇಳಿಸಿದಾಗ. ರಿಮೋಟ್ ಕೈಯಲ್ಲಿದ್ದರೆ ಜನ ಇಳಿಸುತ್ತಾರೆ, ಎದ್ದು ಹೋಗಬೇಕೆಂದರೆ ಇಳಿಸುವುದಿಲ್ಲ.

ಹಣದ ಲೆಕ್ಕ ಮನೆಯಿಂದ ಮನೆಗೆ ಬೇರೆ. ದಿನಕ್ಕೆ ಹದಿನೈದು ಗಂಟೆ ಐದರಲ್ಲೇ ಓಡಿದರೆ ಒಂದು ಫ್ಯಾನಿನಿಂದ ತಿಂಗಳಿಗೆ ಸುಮಾರು 21 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿ ಇರುವ ಮನೆಯಲ್ಲಿ ಬಿಲ್ಲು ಹೇಗೂ ಸೊನ್ನೆಯಲ್ಲವೇ ಎಂದು ನೆರೆಯವರು ಕೇಳಿದರು. ಉಚಿತಕ್ಕೂ ಒಂದು ಮಿತಿ ಇದೆ. ಬೇಸಿಗೆಯಲ್ಲಿ ಆ ಮಿತಿ ದಾಟಿ ಹಣ ಕಟ್ಟುವ ಮನೆಗಳಿಗೆ ಈ ಇಪ್ಪತ್ತೊಂದು ಯೂನಿಟ್ ಸಣ್ಣದಲ್ಲ. ಹಣಕ್ಕಿಂತ ನನ್ನ ಮನಸ್ಸಿನಲ್ಲಿ ಇರುವುದು ಬೇರೆ ಲೆಕ್ಕ. ನಮ್ಮ ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ, ಅಂದರೆ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ, 210 ಮೆಗಾವ್ಯಾಟಿನ ಏಳು ಘಟಕ, 250ರ ಒಂದು ಘಟಕ ಇವೆ. ಮೊದಲನೆಯದು 1985ರಿಂದ ಕಲ್ಲಿದ್ದಲು ಉರಿಸುತ್ತಿದೆ. ಒಂದೇ ಹೊತ್ತಿನಲ್ಲಿ ತಿರುಗುವ 47 ಲಕ್ಷ ಫ್ಯಾನುಗಳಲ್ಲಿ ತಲಾ 45 ವ್ಯಾಟ್ ಉಳಿದರೆ ಅಂಥ ಒಂದು ಘಟಕ ಕೊಡುವಷ್ಟು ವಿದ್ಯುತ್ ಉಳಿಯುತ್ತದೆ. ಕರ್ನಾಟಕದ ಮನೆಗಳಿಗೆ 47 ಲಕ್ಷ ಫ್ಯಾನು ದೊಡ್ಡ ಸಂಖ್ಯೆಯಲ್ಲ. ಹಾರುಬೂದಿ ಏನೆಂದು ಬಲ್ಲ ಈ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರೆಂಟು ಹೋದಾಗಲೂ ಇದರ ಗುಣ ಕಾಣುತ್ತದೆ. ಇನ್ವರ್ಟರಿನ ಮೇಲೆ ಹಳೆಯ ಫ್ಯಾನು ಕೂಗುತ್ತದೆ, ಏಕೆಂದರೆ ಅಗ್ಗದ ಇನ್ವರ್ಟರ್ ಕೊಡುವ ಅಲೆ ನುಣುಪಾಗಿರುವುದಿಲ್ಲ. ಬಿಎಲ್‌ಡಿಸಿ ಅದನ್ನು ಹೇಗೂ ಡಿಸಿಗೆ ತಿರುಗಿಸಿಕೊಳ್ಳುವುದರಿಂದ ಅದಕ್ಕೆ ಅಲೆಯ ಆಕಾರದ ಗೊಡವೆ ಇಲ್ಲ, ಸದ್ದೂ ಇಲ್ಲ. ಸಂಜೆ ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ನಮ್ಮವರ ಊರಿನಲ್ಲಿ ವೋಲ್ಟೇಜ್ ಇಳಿದು ಹಳೆಯ ಫ್ಯಾನುಗಳು ರೆಕ್ಕೆ ಎಣಿಸುವಷ್ಟು ನಿಧಾನವಾಗುತ್ತವೆ. ಅಲ್ಲಿಗೂ ಒಂದು ಬಿಎಲ್‌ಡಿಸಿ ಕಳಿಸಿದ್ದೇವೆ, ಅದರ ವೇಗ ಕುಗ್ಗುವುದಿಲ್ಲ. ಕರೆಂಟು ಹೋಗಿ ಬಂದರೆ ಮೊದಲಿದ್ದ ವೇಗದಲ್ಲೇ ತಾನಾಗಿ ಹೊರಡುತ್ತದೆ.

ಕುಂದುಗಳನ್ನೂ ಹೇಳಬೇಕು, ಅವು ಸಣ್ಣವಲ್ಲ.

ಮುಂಗಾರಿಗೆ ಮೊದಲಿನ ಗುಡುಗಿನ ಮಳೆಯಲ್ಲಿ ಪಡಸಾಲೆಯ ಫ್ಯಾನು ನಿಂತುಹೋಯಿತು. ಬೋರ್ಡು ಸುಟ್ಟಿತ್ತು. ಹಳೆಯ ಫ್ಯಾನು ನಿಧಾನವಾದರೆ ಓಣಿಯ ಎಲೆಕ್ಟ್ರಿಷಿಯನ್ ಎರಡೂವರೆ ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಬದಲಿಸಿ ಹತ್ತು ನಿಮಿಷದಲ್ಲಿ ಓಡಿಸುತ್ತಾರೆ, ಖರ್ಚೂ ಅಲ್ಪ. ಇದನ್ನು ಅವರು ಬಿಚ್ಚಿ ನೋಡಿ, ‘ಇದು ನನ್ನ ಕೈಯಲ್ಲಿ ಆಗುವುದಲ್ಲ ಟೀಚರ್’ ಎಂದು ಮುಚ್ಚಿದರು. ವಾರಂಟಿ ಇತ್ತು. ದೂರು ಕೊಟ್ಟರೆ ಫೋನಿನಲ್ಲಿ ಒಬ್ಬರು ಮರುದಿನ ಎಂದರು, ಇನ್ನೊಬ್ಬರು ಬಿಡಿಭಾಗ ಬರಬೇಕೆಂದರು. ವಾರಗಟ್ಟಲೆ ಪಡಸಾಲೆ ಗಾಳಿಯಿಲ್ಲದೆ ಬೆಂದಿತು. ಅದು ಅತ್ತೆಯವರ ಕೋಣೆಯ ಫ್ಯಾನಾಗಿದ್ದರೆ ಏನು ಮಾಡುತ್ತಿದ್ದೆವೋ. ಕೊನೆಗೆ ಹೊಸ ಬೋರ್ಡನ್ನು ಉಚಿತವಾಗಿಯೇ ಹಾಕಿಕೊಟ್ಟರು, ಆದರೆ ಬೇಸಿಗೆಯ ಊರಿನಲ್ಲಿ ಫ್ಯಾನಿನ ದುರಸ್ತಿಗೆ ಆ ವೇಗ ಸಾಲದು. ದೊಡ್ಡ ಊರುಗಳಾಚೆ ಮಾರುವ ಕಂಪನಿಗಳು ಪ್ರತಿ ಜಿಲ್ಲಾ ಕೇಂದ್ರದಲ್ಲಿ ಬೋರ್ಡುಗಳನ್ನು ಇಟ್ಟುಕೊಳ್ಳಲೇಬೇಕು. ವಾರಂಟಿ ಎಷ್ಟು ವರ್ಷ ಎನ್ನುವುದರ ಜೊತೆಗೆ, ದುರಸ್ತಿ ಮಾಡುವವರು ಊರಲ್ಲಿದ್ದಾರೆಯೇ ಎಂದು ಕೇಳಿಯೇ ದುಡ್ಡು ಕೊಡಿ. ಬೋರ್ಡಿಗೂ ಮೋಟಾರಿಗೂ ವಾರಂಟಿ ಒಂದೇ ಅವಧಿಯದ್ದೇ ಎಂಬುದನ್ನೂ ಓದಿಕೊಳ್ಳಿ.

ಎರಡನೆಯ ಕೊರತೆ ಇನ್ನೂ ಆಳದ್ದು. ರೆಗ್ಯುಲೇಟರ್ ತೆಗೆದ ಮೇಲೆ ವೇಗ ಬದಲಿಸಲು ರಿಮೋಟ್ ಒಂದೇ ದಾರಿ. ಅದು ಕಳೆದರೆ, ಸೆಲ್ ಮುಗಿದರೆ, ಗೋಡೆಯಲ್ಲಿ ಉಳಿದದ್ದು ಆರಿಸುವ ಹೊತ್ತಿಸುವ ಸ್ವಿಚ್ಚು ಮಾತ್ರ. ಅತ್ತೆಯವರ ಮಂಚಕ್ಕೆ ಕಟ್ಟಿದ ರಿಮೋಟನ್ನು ನಾನು ಬಿಚ್ಚಿಕೊಂಡು ಹೋಗಲಾರೆ. ಕೋಣೆ ಗುಡಿಸಲು ಹೋದಾಗ ಅವರನ್ನೇ ಕೇಳಬೇಕು. ಅದು ಸರಿಯೇ, ಅವರ ಕೋಣೆ ಅವರದು. ಪಡಸಾಲೆಯಲ್ಲಿ ಮಾತ್ರ ರಿಮೋಟ್ ಹುಡುಕುವುದೇ ಕೆಲಸ. ಸ್ವಿಚ್ಚನ್ನು ಬೇಗಬೇಗ ಆರಿಸಿ ಹಾಕಿದರೆ ವೇಗ ಬದಲಾಗುವ ಮಾದರಿಗಳಿವೆ. ಗೋಡೆಯ ಮಾಮೂಲಿ ರೆಗ್ಯುಲೇಟರಿಗೂ ಒಗ್ಗುವ ಬಿಎಲ್‌ಡಿಸಿಗಳನ್ನು ಈಗ ಕೆಲವರು ಮಾಡುತ್ತಿದ್ದಾರೆ. ಹಲವರು ಕೂರುವ ಕೋಣೆಗೆ ಅಂಥದ್ದೇ ಒಳ್ಳೆಯದು. ಇನ್ನೊಂದು ರಿಮೋಟ್ ಬೇಕೆಂದರೆ ಆಯಾ ಕಂಪನಿಯದ್ದೇ ಹುಡುಕಬೇಕು, ಒಂದರ ಸಂಕೇತ ಇನ್ನೊಂದಕ್ಕೆ ತಿಳಿಯುವುದಿಲ್ಲ. ಒಂದೇ ಕಂಪನಿಯ ಎರಡು ಫ್ಯಾನು ಒಂದೇ ಹಾಲಿನಲ್ಲಿದ್ದರೆ ತದ್ವಿರುದ್ಧ ತೊಂದರೆ, ಒಂದು ರಿಮೋಟಿಗೆ ಎರಡೂ ಓಗೊಡುತ್ತವೆ. ಅವಗೆಂಪಿನ ಬದಲು ರೇಡಿಯೊ ಅಲೆ ಬಳಸುವ ರಿಮೋಟ್‌ಗಳನ್ನು ಪ್ರತಿ ಫ್ಯಾನಿಗೂ ಬೇರೆಯಾಗಿ ಜೋಡಿಸಿಕೊಳ್ಳಬಹುದು.

ವೈಫೈ ಇರುವ ಫ್ಯಾನುಗಳನ್ನು ನಾವು ತರಲಿಲ್ಲ. ನಮ್ಮ ಮನೆಯಲ್ಲಿ ಫ್ಯಾನಿನ ವೇಗ ನಿರ್ಧರಿಸಬೇಕಾದವರು ಕೋಣೆಯಲ್ಲೇ ಇದ್ದಾರೆ, ಪುಣೆಯಲ್ಲಿರುವ ಮಗನಲ್ಲ.

ಗಾಳಿಯ ಬಗ್ಗೆ ನಮ್ಮವರದು ಒಂದು ಆಕ್ಷೇಪ: ಹಳೆಯ ಫ್ಯಾನಿನ ಐದರ ರಭಸ ಇದರ ಐದರಲ್ಲಿಲ್ಲ. ನನಗೂ ಸ್ವಲ್ಪ ಹಾಗೆ ಅನಿಸುತ್ತದೆ. ಹೆಚ್ಚುವರಿ ವೇಗದ ಗುಂಡಿ ಒತ್ತಿದರೆ ಆ ಕೊರತೆ ತುಂಬುತ್ತದೆ, ಆಗ ರೆಕ್ಕೆಯ ಸದ್ದೂ ಏರುತ್ತದೆ. ಕೊಳ್ಳುವಾಗ ನಕ್ಷತ್ರದ ಚೀಟಿಯನ್ನು ಓದಬೇಕು. 2023ರ ಜನವರಿಯಿಂದ ಚಾವಣಿ ಫ್ಯಾನುಗಳಿಗೆ ಬಿಇಇ, ಅಂದರೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊದ ಈ ಚೀಟಿ ಕಡ್ಡಾಯ. ಅದರಲ್ಲಿ ನಕ್ಷತ್ರಗಳಷ್ಟೇ ಅಲ್ಲ, ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಕೊಡುತ್ತದೆ ಎಂಬುದೂ ಇರುತ್ತದೆ. ವ್ಯಾಟ್ ಕಡಿಮೆ ತೋರಿಸಲು ಗಾಳಿಯನ್ನೇ ಕಡಿಮೆ ಮಾಡಿದ ಫ್ಯಾನು ನಮ್ಮಂಥ ಊರಿಗೆ ಬೇಡ. ಎರಡು ಫ್ಯಾನು ಎದುರಿಗಿದ್ದರೆ ಗಾಳಿಯ ಅಂಕಿಯನ್ನು ಮೊದಲು ನೋಡಿ, ವ್ಯಾಟನ್ನು ಆಮೇಲೆ.

ರಿಮೋಟಿನಿಂದ ಆರಿಸಿದರೆ ಫ್ಯಾನು ಪೂರ್ತಿ ಸತ್ತಿರುವುದಿಲ್ಲ, ಆದೇಶಕ್ಕಾಗಿ ಅದರ ಕಣ್ಣು ಎಚ್ಚರವಾಗಿರುತ್ತದೆ. ಊರಿಗೆ ಹೋಗುವಾಗ, ಗುಡುಗು ಶುರುವಾದಾಗ ಗೋಡೆಯ ಸ್ವಿಚ್ಚನ್ನೂ ಆರಿಸುವ ಅಭ್ಯಾಸ ಮಾಡಿಕೊಂಡಿದ್ದೇವೆ.

ಈಗ ಅತ್ತೆಯವರು ರಾತ್ರಿ ಯಾರನ್ನೂ ಕಾಯುವುದಿಲ್ಲ. ಹಗಲು ಮಧ್ಯಾಹ್ನ ಅವರನ್ನು ನೋಡಲು ಬರುವ ಅವರ ತಂಗಿಗೆ ‘ನಿನಗೆ ಎಷ್ಟು ಬೇಕು ಹೇಳು, ಮೂರೋ ನಾಲ್ಕೋ’ ಎಂದು ಕೇಳಿ ತಾವೇ ಗುಂಡಿ ಒತ್ತುತ್ತಾರೆ. ಬಹಳ ವರ್ಷಗಳಿಂದ ಬೇರೆಯವರು ಮಾಡಿಕೊಟ್ಟದ್ದನ್ನು ಪಡೆಯುತ್ತಲೇ ಬಂದ ಜೀವ ಅದು. ಮನೆಗೆ ಬಂದವರಿಗೆ ತಾನೇ ಗಾಳಿ ಬೀಸಿ ಉಪಚರಿಸುವ ಅವಕಾಶ ಅವರಿಗೆ ಮತ್ತೆ ಸಿಕ್ಕಿದೆ. ‘ನನ್ನ ಗಾಳಿ ನನ್ನ ಕೈಯಲ್ಲಿದೆ’ ಎಂದು ಅವರು ಹೇಳುವಾಗ ಧ್ವನಿಯಲ್ಲಿ ಇರುವ ಗತ್ತನ್ನು ನಾನು ಯಾವ ನಕ್ಷತ್ರದ ಚೀಟಿಯಲ್ಲೂ ಓದಿಲ್ಲ.

ಅಂಕಿಗಳ ಗುಂಡಿ ಇರುವ ಬಿಎಲ್‌ಡಿಸಿ ಫ್ಯಾನನ್ನು, ಹಾಸಿಗೆ ಹಿಡಿದವರು, ಬಾಣಂತಿಯರು, ಮಂಡಿನೋವಿನವರು ಇರುವ ಯಾವ ಮನೆಗೂ ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಪ್ಲಸ್ ಮೈನಸ್ ರಿಮೋಟಿನದ್ದನ್ನು ಕೈ ಗಟ್ಟಿ ಇರುವವರಿಗೆ ಬಿಡಿ. ಟ್ರಯಾಕ್ ಕಿಟ್ ಮಲಗುವ ಕೋಣೆಗೆ ಬೇಡ. ಇನ್ನು ಫ್ಯಾನು ಮಾಡುವ ಕಂಪನಿಗಳಿಗೆ ಒಂದು ಬೇಡಿಕೆ. ಐದೇ ಐದು ದೊಡ್ಡ ಗುಂಡಿ, ಒಂದು ಆರಿಸುವ ಗುಂಡಿ, ಕಪ್ಪು ರಿಮೋಟಿನ ಮೇಲೆ ದಪ್ಪ ಬಿಳಿ ಅಂಕಿ, ಮೂರರ ಮೇಲೆ ಬೆರಳಿಗೆ ತಾಗುವ ಒಂದು ಉಬ್ಬು, ಮಂಚಕ್ಕೆ ಕಟ್ಟಲು ಹಿಂದೊಂದು ತೂತು. ಇಂಥ ರಿಮೋಟನ್ನು ನೂರಿನ್ನೂರು ರೂಪಾಯಿ ಹೆಚ್ಚು ತೆಗೆದುಕೊಂಡು ಪ್ರತ್ಯೇಕವಾಗಿ ಮಾರಿದರೂ ಸರಿ, ಮೊದಲ ಗಿರಾಕಿ ನಾನು.